ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಓಟದ ಸ್ಪರ್ಧೆಗೆ ನೂರು ಜನ ಬಂದರೆ ನಿಜವಾದ ಪೈಪೋಟಿ ನಾಲ್ಕೈದು ಮಂದಿಯ ನಡುವೆ. ಗೆಲುವು ತಮ್ಮದಲ್ಲ ಎಂಬುದು ಮಿಕ್ಕವರಿಗೆಲ್ಲ ಹೊರಡುವ ಮುಂಚೆಯೇ ಗೊತ್ತು. ಅವರೂ ಶುಲ್ಕ ಕಟ್ಟಿದ್ದಾರೆ, ನಸುಕಿನಲ್ಲೇ ಎದ್ದು ಬಂದಿದ್ದಾರೆ, ಎದೆಗೆ ನಂಬರು ಚುಚ್ಚಿಕೊಂಡಿದ್ದಾರೆ. ಓಡಿ ಮುಗಿಸಿದರೆ ಕೊರಳಿಗೊಂದು ಪದಕ, ಕೈಗೊಂದು ಬಾಳೆಹಣ್ಣು. ದೊಡ್ಡ ಮಕ್ಕಳು ಆಡುವಾಗ ಅಳುವ ಪುಟ್ಟ ತಮ್ಮನನ್ನೂ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳುತ್ತಾರಲ್ಲ, ಹಾಗಿದೆ ಇವರ ಸ್ಥಿತಿ. ಓಡಿದವರಿಗೆಲ್ಲ ಪದಕ ಹಂಚುವ ಪದ್ಧತಿ ಒಳ್ಳೆಯ ಮನಸ್ಸಿನಿಂದಲೇ ಬಂದದ್ದು. ಆದರೆ ಎಲ್ಲರಿಗೂ ಸಿಗುವ ಪದಕ ಹೇಳುವುದು ಹಾಜರಾತಿಯನ್ನಷ್ಟೇ.

ಒಂದು ಬಡಾವಣೆಯ ಓಟದ ಕ್ಲಬ್ಬಿನೊಳಗೆ ನಡೆಯುವ ಸಣ್ಣ ಸ್ಪರ್ಧೆಯಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ನಲವತ್ತು ಜನರ ಗುಂಪು, ಎಲ್ಲರ ಟೈಮಿಂಗೂ ಎಲ್ಲರಿಗೂ ಬಾಯಿಪಾಠ. ಮೊದಲು ಬರುವವರು ಯಾರು, ಎರಡನೆಯವರು ಯಾರು ಎಂದು ಹಿಂದಿನ ರಾತ್ರಿಯೇ ಬರೆದಿಡಬಹುದು. ಓಡಿ ಬಂದ ವೇಗದವರು ಮೈ ಸಡಿಲಿಸಿಕೊಂಡು, ಕಾಫಿ ಕುಡಿದು, ಫೋನು ನೋಡಿ ಮುಗಿಸುವ ಹೊತ್ತಿಗೆ ಕೊನೆಯವರು ಬಂದು ತಲುಪುತ್ತಾರೆ. ಆಗ ಚಪ್ಪಾಳೆ ತಟ್ಟಲು ಉಳಿದಿರುವವರು ಅವರ ಮನೆಯವರು ಮತ್ತು ನೀರಿನ ಕ್ಯಾನು ಎತ್ತಿಡಲು ಕಾದಿರುವ ಹುಡುಗ.

ಇಂಗ್ಲೆಂಡ್, ಆಸ್ಟ್ರೇಲಿಯಾ, ಅಮೆರಿಕದ ಕ್ಲಬ್ಬುಗಳು ಇದಕ್ಕೆ ನೂರು ವರ್ಷಕ್ಕೂ ಹಿಂದೆಯೇ ಒಂದು ಉಪಾಯ ಹೂಡಿದವು. ಎಲ್ಲರನ್ನೂ ಒಟ್ಟಿಗೆ ಹೊರಡಿಸುವ ಬದಲು ಎಲ್ಲರೂ ಒಟ್ಟಿಗೆ ಬಂದು ಮುಟ್ಟುವಂತೆ ಹೊರಡಿಸುವುದು. ಎಲ್ಲರಿಗಿಂತ ನಿಧಾನವಾಗಿ ಓಡುವವರು ಮೊದಲು ಹೊರಡುತ್ತಾರೆ, ಎಲ್ಲರಿಗಿಂತ ವೇಗದವರು ಕೊನೆಗೆ. ಮೊದಲು ಗೆರೆ ಮುಟ್ಟಿದವರೇ ಗೆದ್ದವರು. ಇದಕ್ಕೆ ಹ್ಯಾಂಡಿಕ್ಯಾಪ್ ಓಟ ಎಂದು ಹೆಸರು. ಇಂಗ್ಲೆಂಡಿನ ಎಷ್ಟೋ ಕ್ಲಬ್ಬುಗಳಲ್ಲಿ ಇದು ಬೇಸಗೆಯಲ್ಲಿ ವಾರದ ನಡುವೆ ಬರುವ ಸಂಜೆಯ ಕಾರ್ಯಕ್ರಮ. ಅಲ್ಲಿ ಜೂನ್ ತಿಂಗಳಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರುವುದರಿಂದ ಕಚೇರಿ ಮುಗಿಸಿ ಬಂದು ಐದು ಕಿಲೋಮೀಟರೋ ಐದು ಮೈಲಿಯೋ ಓಡಿ, ಪಕ್ಕದ ಪಬ್ಬಿನಲ್ಲಿ ಕೂತು ಫಲಿತಾಂಶದ ಬಗ್ಗೆ ಜಗಳವಾಡುವಷ್ಟು ಸಮಯ ಸಿಗುತ್ತದೆ.

ಲೆಕ್ಕ ಹೇಗೆ ಎನ್ನುವುದನ್ನು ನಮ್ಮ ಕಬ್ಬನ್ ಪಾರ್ಕಿನಲ್ಲಿಟ್ಟು ನೋಡೋಣ. ವಾಹನ ಬಿಡದ ಭಾನುವಾರದ ಬೆಳಿಗ್ಗೆ, ಐದು ಕಿಲೋಮೀಟರ್, ನಾಲ್ಕು ಜನ, ಎಲ್ಲರೂ ಕಾಲ್ಪನಿಕ. ನಿವೃತ್ತ ಮೇಷ್ಟ್ರು ಈ ದೂರಕ್ಕೆ 42 ನಿಮಿಷ ತೆಗೆದುಕೊಳ್ಳುತ್ತಾರೆ. ಬ್ಯಾಂಕಿನ ಮೇಡಂ 34 ನಿಮಿಷ. ಸಾಫ್ಟ್‌ವೇರ್ ಕಂಪನಿಯ ಹುಡುಗ 27. ಕಂಠೀರವ ಕ್ರೀಡಾಂಗಣದಲ್ಲಿ ದಿನಾ ಅಭ್ಯಾಸ ಮಾಡುವ ಹುಡುಗಿ 18. ಮೇಷ್ಟ್ರು ಆರೂವರೆಗೆ ಹೊರಟರೆ ಮೇಡಂ 6 ಗಂಟೆ 38ಕ್ಕೆ, ಹುಡುಗ 6 ಗಂಟೆ 45ಕ್ಕೆ, ಹುಡುಗಿ 6 ಗಂಟೆ 54ಕ್ಕೆ ಹೊರಡಬೇಕು. ಪ್ರತಿಯೊಬ್ಬರೂ ತಮ್ಮ ತಮ್ಮ ಟೈಮಿಂಗಿಗೆ ಸರಿಯಾಗಿ ಓಡಿದರೆ ನಾಲ್ವರೂ 7 ಗಂಟೆ 12 ನಿಮಿಷಕ್ಕೆ ಗೆರೆಯ ಮೇಲಿರುತ್ತಾರೆ.

ಹುಡುಗಿ ಹೊರಡುವ ಹೊತ್ತಿಗೆ ಮೇಷ್ಟ್ರು 2.8 ಕಿಲೋಮೀಟರ್ ದಾಟಿಯಾಗಿದೆ. ಅವಳು ಇಪ್ಪತ್ತನಾಲ್ಕು ನಿಮಿಷ ಸುಮ್ಮನೆ ನಿಂತು, ತನ್ನ ಮುಂದೆ ಒಬ್ಬೊಬ್ಬರೇ ಹೊರಟುಹೋಗುವುದನ್ನು ನೋಡಿದ್ದಾಳೆ. ಯಾವಾಗಲೂ ಮುಂದೆ ನಿಂತು ಅಭ್ಯಾಸವಾದವರಿಗೆ ಇದು ಸಣ್ಣ ಶಿಕ್ಷೆಯಲ್ಲ. ಈಗ ಗಡಿಯಾರವನ್ನು 7 ಗಂಟೆ 11ಕ್ಕೆ ನಿಲ್ಲಿಸಿ. ಗೆರೆ ಮುಟ್ಟಲು ಮೇಷ್ಟ್ರಿಗೆ ಉಳಿದಿರುವುದು 119 ಮೀಟರ್, ಮೇಡಂಗೆ 147, ಹುಡುಗನಿಗೆ 185, ಹುಡುಗಿಗೆ 278. ಒಂದೇ ನಿಮಿಷ ಉಳಿದಿದೆ, ನಾಲ್ವರೂ ಒಂದೇ ದಾರಿಯಲ್ಲಿದ್ದಾರೆ, ನಾಲ್ವರಿಗೂ ಗೆಲ್ಲುವ ಸಾಧ್ಯತೆ ಇದೆ. ಹಿಂದಿನಿಂದ ಬರುವ ಹೆಜ್ಜೆ ಸದ್ದು ಮೇಷ್ಟ್ರಿಗೆ ಕೇಳುತ್ತಿದೆ, ಮುಂದಿರುವ ಮೂರು ಬೆನ್ನು ಹುಡುಗಿಗೆ ಕಾಣುತ್ತಿದೆ. ಮಾಮೂಲಿ ಓಟದಲ್ಲಿ ಇವರಿಬ್ಬರೂ ಒಬ್ಬರನ್ನೊಬ್ಬರು ನೋಡುವುದು ಹೊರಡುವ ಮುಂಚೆ ಮಾತ್ರ.

ಅಮೆರಿಕದ ನಾರ್ಮನ್ ಟ್ರಿಪ್ಲೆಟ್ ಎಂಬ ಮನಶ್ಶಾಸ್ತ್ರಜ್ಞ 1898ರಲ್ಲೇ ಸೈಕಲ್ ರೇಸುಗಳ ದಾಖಲೆ ಕಲೆಹಾಕಿ ಒಂದು ವಿಷಯ ತೋರಿಸಿದ್ದ. ಗಡಿಯಾರದ ವಿರುದ್ಧ ಒಂಟಿಯಾಗಿ ತುಳಿಯುವವರಿಗಿಂತ ಇನ್ನೊಬ್ಬರ ಜೊತೆ ಸ್ಪರ್ಧೆಗೆ ತುಳಿಯುವವರು ವೇಗವಾಗಿರುತ್ತಾರೆ. ಹ್ಯಾಂಡಿಕ್ಯಾಪ್ ಓಟ ಈ ಲಾಭವನ್ನು ಇಡೀ ಗುಂಪಿಗೆ ಹಂಚುತ್ತದೆ. 42 ನಿಮಿಷದವರಿಗೂ ಹಿಡಿಯಲು, ತಪ್ಪಿಸಿಕೊಳ್ಳಲು ಯಾರೋ ಒಬ್ಬರು ಸಿಗುತ್ತಾರೆ.

ಇಷ್ಟೆಲ್ಲ ನಿಂತಿರುವುದು ಒಂದೇ ಒಂದು ಅಂದಾಜಿನ ಮೇಲೆ: ಯಾರು ಎಷ್ಟು ಹೊತ್ತಿನಲ್ಲಿ ಓಡುತ್ತಾರೆ? ಆ ಅಂದಾಜು ಮಾಡುವವರು ಹ್ಯಾಂಡಿಕ್ಯಾಪರ್. ಕ್ಲಬ್ಬಿನಲ್ಲಿ ಇದರಷ್ಟು ಬೈಗುಳ ತಿನ್ನುವ ಗೌರವ ಹುದ್ದೆ ಇನ್ನೊಂದಿಲ್ಲ. ಸಾಮಾನ್ಯವಾಗಿ ಅಂಕಿಗಳ ಹುಚ್ಚಿರುವ ಹಿರಿಯ ಸದಸ್ಯರೊಬ್ಬರು ಇದನ್ನು ವಹಿಸಿಕೊಂಡಿರುತ್ತಾರೆ. ಮೊದಲು ನೋಟ್‌ಬುಕ್, ಈಗ ಎಕ್ಸೆಲ್ ಹಾಳೆ. ಐದು ಕಿಲೋಮೀಟರಿನ ದಾಖಲೆಯೇ ಇಲ್ಲದೆ ಹತ್ತು ಕಿಲೋಮೀಟರಿನದ್ದು ಮಾತ್ರ ಇದ್ದರೆ ಪೀಟರ್ ರೀಗೆಲ್ ಎಂಬ ಅಮೆರಿಕದ ಎಂಜಿನಿಯರ್ 1977ರಲ್ಲಿ ಕೊಟ್ಟ ಸೂತ್ರ ನೆರವಿಗೆ ಬರುತ್ತದೆ. ದೂರ ಎಷ್ಟು ಪಟ್ಟು ಹೆಚ್ಚಿತೋ ಅದರ 1.06ನೇ ಘಾತದಷ್ಟು ಸಮಯ ಹೆಚ್ಚುತ್ತದೆ ಎನ್ನುವುದು ಅದರ ಸಾರ. 5 ಕಿಲೋಮೀಟರನ್ನು 25 ನಿಮಿಷಕ್ಕೆ ಓಡುವವರು 10 ಕಿಲೋಮೀಟರನ್ನು 50 ನಿಮಿಷಕ್ಕಲ್ಲ, 52 ನಿಮಿಷದ ಆಸುಪಾಸಿನಲ್ಲಿ ಮುಗಿಸುತ್ತಾರೆ. ಇವತ್ತು ಓಟಗಾರರ ಫೋನಿನಲ್ಲಿ ‘ನಿಮ್ಮ ಮ್ಯಾರಥಾನ್ ಸಮಯ ಇಷ್ಟಾಗಬಹುದು’ ಎಂದು ತೋರಿಸುವ ಎಷ್ಟೋ ಲೆಕ್ಕಗಳ ಹಿಂದೆ ಇದೇ ಸೂತ್ರದ ಯಾವುದೋ ರೂಪವಿದೆ.

ಸೂತ್ರ ಸುಲಭ, ಮನುಷ್ಯರು ಕಷ್ಟ. ಒಬ್ಬರ ಕಳೆದ ಓಟದ ಸಮಯವೊಂದನ್ನೇ ಹಿಡಿದರೆ ಆ ದಿನ ಜ್ವರವಿತ್ತೋ ಮಳೆಯಿತ್ತೋ ಗೊತ್ತಾಗುವುದಿಲ್ಲ. ಅದಕ್ಕೇ ಜಾಣ ಹ್ಯಾಂಡಿಕ್ಯಾಪರ್ ಹಿಂದಿನ ಮೂರು ನಾಲ್ಕು ಓಟ ನೋಡಿ, ಅವುಗಳಲ್ಲಿ ಒಳ್ಳೆಯದರ ಕಡೆಗೆ ವಾಲುತ್ತಾರೆ. ನಿರೀಕ್ಷೆಗಿಂತ ಒಂದು ನಿಮಿಷ ಬೇಗ ಬಂದವರ ಲೆಕ್ಕವನ್ನು ಮುಂದಿನ ಬಾರಿಗೆ ಪೂರ್ತಿ ಒಂದು ನಿಮಿಷ ಬಿಗಿಮಾಡುತ್ತಾರೆ. ಒಂದು ನಿಮಿಷ ತಡವಾಗಿ ಬಂದವರಿಗೆ ಮಾತ್ರ ಹತ್ತೋ ಹದಿನೈದೋ ಸೆಕೆಂಡ್ ಸಡಿಲಿಸಿ ಕೈತೊಳೆದುಕೊಳ್ಳುತ್ತಾರೆ. ಈ ಪಕ್ಷಪಾತ ಬೇಕೆಂದೇ ಇಟ್ಟದ್ದು. ವೇಗವಾಗಿ ಓಡಿದ ನಾಟಕವಾಡಲು ಯಾರಿಂದಲೂ ಆಗದು, ನಿಧಾನವಾಗಿ ಓಡುವ ನಾಟಕ ಎಲ್ಲರಿಗೂ ಬರುತ್ತದೆ. ಇದರ ಬಿಸಿ ತಟ್ಟುವುದು ವಯಸ್ಸಾಗುತ್ತಿರುವವರಿಗೆ: ಅವರು ನಿಜವಾಗಿಯೇ ವರ್ಷದಿಂದ ವರ್ಷಕ್ಕೆ ನಿಧಾನವಾಗುತ್ತಿದ್ದರೂ ಪಟ್ಟಿ ಅದನ್ನು ನಂಬಲು ಹೊತ್ತು ತೆಗೆದುಕೊಳ್ಳುತ್ತದೆ.

ಇನ್ನು ಗೆಲ್ಲುವವರು ಯಾರು? ಅಂದಾಜು ಸರಿಯಾಗಿದ್ದರೆ ಎಲ್ಲರಿಗೂ ಸಮಾನ ಅವಕಾಶ ಎಂದು ಮೇಲ್ನೋಟಕ್ಕೆ ಅನಿಸುತ್ತದೆ. ಹಾಗಾಗುವುದಿಲ್ಲ. ಯಾವ ಓಟಗಾರನೂ ಯಂತ್ರವಲ್ಲ. ಒಂದು ದಿನಕ್ಕೂ ಇನ್ನೊಂದು ದಿನಕ್ಕೂ ಶೇ 2ರಷ್ಟು ಹೆಚ್ಚುಕಮ್ಮಿ ಇದ್ದೇ ಇರುತ್ತದೆ ಎಂದುಕೊಳ್ಳಿ. 18 ನಿಮಿಷದ ಹುಡುಗಿಗೆ ಅದು 22 ಸೆಕೆಂಡ್. 42 ನಿಮಿಷದ ಮೇಷ್ಟ್ರಿಗೆ 50 ಸೆಕೆಂಡ್. ಮೇಷ್ಟ್ರಿಗೆ ಒಳ್ಳೆಯ ದಿನ ಬಂದರೆ ಅವರು 50 ಸೆಕೆಂಡ್ ಮುಂಚೆ ಬಂದು ನಿಂತಿರುತ್ತಾರೆ. ಹುಡುಗಿ ತನ್ನ ಅತ್ಯುತ್ತಮ ಓಟ ಓಡಿದರೂ ಅಷ್ಟನ್ನು ತುಂಬಿಕೊಳ್ಳಲಾರಳು. ಮೇಷ್ಟ್ರಿಗೆ ಕೆಟ್ಟ ದಿನವಾದರೆ ಅಷ್ಟೇ ಖಚಿತವಾಗಿ ಎಲ್ಲರಿಗಿಂತ ಹಿಂದೆ ಉಳಿಯುತ್ತಾರೆ. ಹೀಗಾಗಿ ಫಲಿತಾಂಶದ ಪಟ್ಟಿಯ ತಲೆಯಲ್ಲೂ ಬಾಲದಲ್ಲೂ ನಿಧಾನದವರೇ ಹೆಚ್ಚು, ವೇಗದವರು ನಡುವೆ ಗುಂಪುಗೂಡಿರುತ್ತಾರೆ. ಮಾಮೂಲಿ ಓಟದ ಪಟ್ಟಿಯನ್ನು ನೋಡಿ ಬೇಸತ್ತವರಿಗೆ ಇದೇ ಒಂದು ಮನರಂಜನೆ.

ಇದಕ್ಕಿಂತಲೂ ಮುಖ್ಯವಾದದ್ದು ಸುಧಾರಣೆಯ ವೇಗ. ಹತ್ತು ವರ್ಷದಿಂದ ಓಡುತ್ತಿರುವವರು ಒಂದು ಋತುವಿನಲ್ಲಿ ಹದಿನೈದು ಸೆಕೆಂಡ್ ಕಡಿಮೆ ಮಾಡಿಕೊಂಡರೆ ಸಿಹಿ ಹಂಚುತ್ತಾರೆ. ಮೂರು ತಿಂಗಳ ಹಿಂದೆ ಬೂಟು ಕಟ್ಟಿದವರು ಅದೇ ಅವಧಿಯಲ್ಲಿ ನಿಮಿಷಗಟ್ಟಲೆ ಕಡಿಮೆ ಮಾಡಿಕೊಳ್ಳಬಲ್ಲರು. ಹ್ಯಾಂಡಿಕ್ಯಾಪರ್ ಕೈಯಲ್ಲಿರುವ ಲೆಕ್ಕ ಕಳೆದ ತಿಂಗಳಿನದ್ದು, ಓಡುತ್ತಿರುವ ಕಾಲು ಈ ತಿಂಗಳಿನದ್ದು. ಆ ಅಂತರವೇ ಗೆಲುವು. ಅಂದರೆ ಕ್ಲಬ್ಬಿನ ಹ್ಯಾಂಡಿಕ್ಯಾಪ್ ಗೆದ್ದವರು ಉಳಿದವರಿಗಿಂತ ಒಳ್ಳೆಯ ಓಟಗಾರರು ಎಂದೇನೂ ಅರ್ಥವಲ್ಲ. ತಮ್ಮ ಬಗ್ಗೆ ಇತರರು ಇಟ್ಟುಕೊಂಡಿದ್ದ ಅಂದಾಜನ್ನು ಎಲ್ಲರಿಗಿಂತ ಹೆಚ್ಚು ಸುಳ್ಳುಮಾಡಿದವರು, ಅಷ್ಟೆ. ರಾಜ್ಯ ತಂಡಕ್ಕೆ ಆಯ್ಕೆ ಮಾಡಲು ಇದು ಕೆಲಸಕ್ಕೆ ಬಾರದು. ತಿಂಗಳ ಮೊದಲ ಭಾನುವಾರ ನಲವತ್ತು ಜನರನ್ನು ಹಾಸಿಗೆಯಿಂದ ಎಬ್ಬಿಸಲು ಇದಕ್ಕಿಂತ ಒಳ್ಳೆಯದು ನನಗೆ ತಿಳಿದಂತೆ ಇನ್ನೊಂದಿಲ್ಲ.

ಮನುಷ್ಯರಿಗಿಂತ ಮೊದಲು ಈ ಲೆಕ್ಕ ಕುದುರೆಗಳ ಮೇಲೆ ಪ್ರಯೋಗವಾದದ್ದು. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಅಡ್ಮಿರಲ್ ರೌಸ್ ಎಂಬ ನಿವೃತ್ತ ನೌಕಾಧಿಕಾರಿ ಕುದುರೆಯ ವಯಸ್ಸಿಗೂ ಸಾಮರ್ಥ್ಯಕ್ಕೂ ತಕ್ಕಂತೆ ತೂಕ ಹೊರಿಸುವ ಕ್ರಮವನ್ನು ಶಾಸ್ತ್ರದ ಮಟ್ಟಕ್ಕೆ ತಂದ. ಬೆಂಗಳೂರು, ಮೈಸೂರಿನ ರೇಸ್ ಕೋರ್ಸುಗಳಲ್ಲಿ ಇವತ್ತಿಗೂ ಒಳ್ಳೆಯ ರೇಟಿಂಗಿನ ಕುದುರೆ ಹೆಚ್ಚು ತೂಕ ಹೊತ್ತು ಓಡುತ್ತದೆ. ಜಾಕಿ ಹಗುರವಾಗಿದ್ದರೆ ಜೀನಿನ ಜೇಬಿಗೆ ಸೀಸದ ತಗಡು ಸೇರಿಸಿ ತೂಕ ಸರಿದೂಗಿಸುತ್ತಾರೆ. ಮನುಷ್ಯರ ಬೆನ್ನಿಗೆ ಸೀಸ ಕಟ್ಟಲು ಯಾರೂ ಒಪ್ಪದ ಕಾರಣ ಓಟದಲ್ಲಿ ತೂಕದ ಜಾಗಕ್ಕೆ ಸಮಯವೋ ದೂರವೋ ಬಂತು. 1867ರ ಚಳಿಗಾಲದಲ್ಲಿ ಲಂಡನ್ನಿನ ಥೇಮ್ಸ್ ರೋಯಿಂಗ್ ಕ್ಲಬ್ಬಿನ ದೋಣಿಗಾರರು, ನದಿಯಲ್ಲಿ ಹುಟ್ಟು ಹಾಕಲಾಗದ ತಿಂಗಳುಗಳಲ್ಲಿ ಮೈ ಬಿಸಿಯಾಗಿಟ್ಟುಕೊಳ್ಳಲು, ವಿಂಬಲ್ಡನ್ ಕಾಮನ್ನಿನ ಕುರುಚಲು ಬಯಲಿನಲ್ಲಿ ಒಂದು ಹ್ಯಾಂಡಿಕ್ಯಾಪ್ ಓಟ ಇಟ್ಟುಕೊಂಡರು. ಮರುವರ್ಷ ಅದರಿಂದ ಹುಟ್ಟಿದ್ದೇ ಥೇಮ್ಸ್ ಹೇರ್ ಆ್ಯಂಡ್ ಹೌಂಡ್ಸ್, ಜಗತ್ತಿನ ಅತ್ಯಂತ ಹಳೆಯ ಕ್ರಾಸ್‌ಕಂಟ್ರಿ ಓಟದ ಕ್ಲಬ್ಬು. ಓಟದ ಕ್ಲಬ್ಬು ಎಂಬ ಕಲ್ಪನೆಯ ಬುಡದಲ್ಲೇ ಹ್ಯಾಂಡಿಕ್ಯಾಪ್ ಇದೆ ಎಂದರೆ ತೀರಾ ಉತ್ಪ್ರೇಕ್ಷೆಯಾಗಲಾರದು.

ಸಮಯದ ಬದಲು ದೂರ ಬಿಟ್ಟುಕೊಡುವ ಪದ್ಧತಿ ಅತಿ ಹೆಚ್ಚು ಬೆಳೆದದ್ದು ಆಸ್ಟ್ರೇಲಿಯಾದಲ್ಲಿ. ವಿಕ್ಟೋರಿಯಾ ರಾಜ್ಯದ ಸ್ಟಾವೆಲ್, ಚಿನ್ನದ ಗಣಿಯಿಂದ ಬೆಳೆದ ಊರು. 1878ರಿಂದ ಅಲ್ಲಿ ಈಸ್ಟರ್ ಹೊತ್ತಿಗೆ ಹುಲ್ಲಿನ ಮೈದಾನದಲ್ಲಿ ನಡೆಯುವ ಸ್ಟಾವೆಲ್ ಗಿಫ್ಟ್ ಎಂಬ ಓಟದ ದೂರ ಈಗ 120 ಮೀಟರ್. ಎಲ್ಲರಿಗಿಂತ ವೇಗದವರು ಪೂರ್ತಿ 120 ಮೀಟರ್ ಓಡಬೇಕು. ಉಳಿದವರಿಗೆ ಅವರ ಯೋಗ್ಯತೆ ನೋಡಿ ಕೆಲವು ಮೀಟರ್ ಮುಂದೆ ಜಾಗ ಗುರುತುಮಾಡುತ್ತಾರೆ. ಪೂರ್ತಿ ದೂರ ಓಡಿ ಗೆಲ್ಲುವುದು ಎಷ್ಟು ಕಷ್ಟ ಎಂದರೆ ಮೊದಲ ಬಾರಿಗೆ ಅದು ಸಾಧ್ಯವಾದದ್ದು 1975ರಲ್ಲಿ. ಗೆದ್ದವನು ಮಡಗಾಸ್ಕರಿನ ಝಾನ್-ಲೂಯಿ ರಾವೆಲೊಮನಂತ್ಸೊವಾ, 1968ರ ಮೆಕ್ಸಿಕೊ ಒಲಿಂಪಿಕ್ಸಿನ ನೂರು ಮೀಟರ್ ಫೈನಲ್ ಓಡಿದವನು. ಆಮೇಲೆ 2005ರಲ್ಲಿ ಆಸ್ಟ್ರೇಲಿಯಾದ ಜೋಶ್ ರಾಸ್ ಅದೇ ಸಾಹಸ ಮಾಡಿದ.

ಸ್ಟಾವೆಲ್‌ನಲ್ಲಿ ದೊಡ್ಡ ಬಹುಮಾನವಿದೆ, ಬಾಜಿಯಿದೆ. ಹಾಗಾಗಿ ನಾಟಕವೂ ಇದೆ. ಋತುವಿನ ಉದ್ದಕ್ಕೂ ಸಣ್ಣ ಊರುಗಳ ಓಟದಲ್ಲಿ ಕಾಲೆಳೆದುಕೊಂಡು ಓಡಿ, ಹ್ಯಾಂಡಿಕ್ಯಾಪರ್ ಕನಿಕರಪಟ್ಟು ಕೊಟ್ಟ ಮೀಟರುಗಳನ್ನು ಈಸ್ಟರಿನವರೆಗೆ ಜೋಪಾನ ಮಾಡುವುದು ಅಲ್ಲಿನ ಹಳೆಯ ವಿದ್ಯೆ. ಅದನ್ನು ಹಿಡಿಯಲು ಸ್ಟೂವರ್ಡ್‌ಗಳಿದ್ದಾರೆ. ಎರಡು ಓಟಗಳ ನಡುವೆ ನಂಬಲಾಗದಷ್ಟು ಸುಧಾರಿಸಿದವರನ್ನು ಕರೆದು ವಿಚಾರಿಸುತ್ತಾರೆ, ಉತ್ತರ ಹಿಡಿಸದಿದ್ದರೆ ದಂಡ ಹಾಕುತ್ತಾರೆ. ಬೇರೆ ಯಾವ ಓಟದಲ್ಲಿ ‘ನೀನು ಇಷ್ಟು ಚೆನ್ನಾಗಿ ಓಡಿದ್ದೇಕೆ’ ಎಂದು ನೋಟಿಸು ಬರುತ್ತದೆ, ಹೇಳಿ! ಬಹುಮಾನ ಒಂದು ಕಾಫಿ ಮಗ್ ಆಗಿರುವ ಕ್ಲಬ್ಬಿನಲ್ಲೂ ಈ ಕಳ್ಳಾಟ ಇಲ್ಲವೆಂದಲ್ಲ. ಆದರೆ ಅಲ್ಲಿ ಸ್ಟೂವರ್ಡ್ ಬೇಕಾಗುವುದಿಲ್ಲ, ನಲವತ್ತು ಜನರ ಗೇಲಿ ಸಾಕು.

ಇನ್ನು ಕ್ಯಾಲಿಫೋರ್ನಿಯಾದ ಡಿಪ್ಸಿ. ಹ್ಯಾಂಡಿಕ್ಯಾಪ್ ಓಟಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸಿದ್ದು ಇದು. 1904ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಒಲಿಂಪಿಕ್ ಕ್ಲಬ್ಬಿನ ಸದಸ್ಯರಾದ ಚಾರ್ಲ್ಸ್ ಬೋವಾಸ್ ಮತ್ತು ಆಲ್ಫನ್ಸ್ ಕೋನಿ ಪಂತ ಕಟ್ಟಿದರು: ಮಿಲ್ ವ್ಯಾಲಿ ಎಂಬ ಊರಿನಿಂದ ಗುಡ್ಡ ಹತ್ತಿ ಇಳಿದು, ಕಡಲ ತೀರದ ಡಿಪ್ಸಿ ಇನ್ ಎಂಬ ತಂಗುದಾಣಕ್ಕೆ ಯಾರು ಮೊದಲು ಮುಟ್ಟುತ್ತಾರೆ ಎಂದು. ಬೋವಾಸ್ ಗೆದ್ದ. ಮರುವರ್ಷವೇ ಅದು ಎಲ್ಲರಿಗೂ ತೆರೆದ ಓಟವಾಯಿತು. ಅಮೆರಿಕದ ಅತ್ಯಂತ ಹಳೆಯ ಟ್ರೇಲ್ ಓಟ ಎಂಬ ಹೆಸರು ಅದಕ್ಕಿದೆ. ದೂರ ಸುಮಾರು 12 ಕಿಲೋಮೀಟರ್. ಶುರುವಿನಲ್ಲೇ 700ರ ಹತ್ತಿರ ಮೆಟ್ಟಿಲು, ಆಮೇಲೆ ರೆಡ್‌ವುಡ್ ಮರಗಳ ಮ್ಯೂರ್ ವುಡ್ಸ್ ಕಣಿವೆ, ಮತ್ತೆ ‘ಕಾರ್ಡಿಯಾಕ್’ ಎಂದು ಓಟಗಾರರು ಹೆಸರಿಟ್ಟಿರುವ ಏರು. ಹೃದಯಕ್ಕೆ ಅದು ಕೊಡುವ ಕಷ್ಟಕ್ಕೆ ಬೇರೆ ವಿವರಣೆ ಬೇಡ. ಕೆಲವೆಡೆ ಅಡ್ಡದಾರಿ ಹಿಡಿಯುವುದಕ್ಕೂ ಅನುಮತಿ ಇದೆ. ಊರಿನವರು ತಮ್ಮ ಒಳದಾರಿಗಳನ್ನು ಹೊರಗಿನವರಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಮೊದಲ ಅರುವತ್ತು ವರ್ಷ ಅಲ್ಲಿಯೂ ಹ್ಯಾಂಡಿಕ್ಯಾಪರುಗಳು ಒಬ್ಬೊಬ್ಬರ ಸಾಮರ್ಥ್ಯ ನೋಡಿ ನಿಮಿಷ ಬಿಟ್ಟುಕೊಡುತ್ತಿದ್ದರು. 1965ರಲ್ಲಿ ಅದನ್ನು ಕೈಬಿಟ್ಟು ವಯಸ್ಸಿನ ಲೆಕ್ಕಕ್ಕೆ ಬಂದರು, ಆಮೇಲೆ ಅದಕ್ಕೆ ಹೆಣ್ಣು ಗಂಡು ಎಂಬ ಲೆಕ್ಕವೂ ಸೇರಿತು. ಈಗ ಯುವಕರು ಎಲ್ಲರಿಗಿಂತ ಕೊನೆಗೆ ಹೊರಡುತ್ತಾರೆ. ತೀರಾ ಎಳೆಯರಿಗೂ ತೀರಾ ಹಿರಿಯರಿಗೂ ಸುಮಾರು 25 ನಿಮಿಷದವರೆಗೆ ಮುಂಚಿತ ಅವಕಾಶ. ಪರಿಣಾಮ ನೋಡಿ: 1967ರಲ್ಲಿ ಗೆದ್ದ ಜ್ಯಾಕ್ ಕರ್ಕ್‌ಗೆ 60 ವರ್ಷ. 1973ರಲ್ಲಿ ಗೆದ್ದ ಮೇರಿ ಎಟಾ ಬೊಯ್ಟಾನೊಗೆ 10. 2010ರಲ್ಲಿ ಗೆದ್ದ ಬಾಲಕಿಗೆ ಇನ್ನೂ 8.

ಈ ಜ್ಯಾಕ್ ಕರ್ಕ್ ಬಗ್ಗೆ ನಾಲ್ಕು ಮಾತು ಹೇಳದೆ ಮುಂದೆ ಹೋಗಲಾಗದು. 1930ರಲ್ಲಿ ಶುರುಮಾಡಿದ ಈತ ಸತತ 67 ಡಿಪ್ಸಿ ಓಟ ಮುಗಿಸಿದ. ನಡುವೆ ಕೆಲವು ವರ್ಷ ಓಟವೇ ನಡೆಯದೆ ನಿಂತದ್ದನ್ನು ಬಿಟ್ಟರೆ ಒಂದನ್ನೂ ತಪ್ಪಿಸಲಿಲ್ಲ. 1951ರಲ್ಲೊಮ್ಮೆ ಹಳೆಯ ಲೆಕ್ಕದಲ್ಲಿ ಗೆದ್ದ, 1967ರಲ್ಲಿ ಹೊಸ ಲೆಕ್ಕದಲ್ಲಿ ಗೆದ್ದ. ತೊಂಬತ್ತೈದು ದಾಟುವವರೆಗೆ ಆ ಮೆಟ್ಟಿಲು ಹತ್ತುತ್ತಲೇ ಇದ್ದ, ನೂರು ತುಂಬಿದ ಮೇಲೆ 2007ರಲ್ಲಿ ತೀರಿಕೊಂಡ. ‘ಡಿಪ್ಸಿ ಡೀಮನ್’ ಎಂದು ಊರಿನವರು ಕರೆಯುತ್ತಿದ್ದುದು ಸುಮ್ಮನೆ ಅಲ್ಲ.

ಹೆಂಗಸರ ಕತೆ ಇದರಷ್ಟು ಸರಾಗವಾಗಿಲ್ಲ. 1918ರಿಂದ 1922ರವರೆಗೆ ಅವರಿಗಾಗಿ ಇದೇ ದಾರಿಯಲ್ಲಿ ಪ್ರತ್ಯೇಕ ಸ್ಪರ್ಧೆ ನಡೆಯಿತು, ಆದರೆ ಅದನ್ನು ಓಟ ಎನ್ನುವಂತಿರಲಿಲ್ಲ, ‘ಹೈಕ್’ ಎನ್ನಬೇಕಿತ್ತು, ಏಕೆಂದರೆ ಹೆಂಗಸರು ದೂರದ ಓಟ ಸ್ಪರ್ಧೆಗೆ ಇಳಿಯುವುದಕ್ಕೆ ಆಗಿನ ಕ್ರೀಡಾ ಮಂಡಳಿಯ ಒಪ್ಪಿಗೆ ಇರಲಿಲ್ಲ. ಅಧಿಕೃತವಾಗಿ ಅವರು ಓಟಕ್ಕೆ ಸೇರಿದ್ದು 1971ರಲ್ಲಿ. ಅದಾದ ಎರಡನೇ ವರ್ಷಕ್ಕೇ ಹತ್ತು ವರ್ಷದ ಹುಡುಗಿಯೊಬ್ಬಳು ಗೆದ್ದಳೆಂಬುದನ್ನು ಓದಿದಾಗ ಆ ಮಂಡಳಿಯವರ ಮುಖ ನೋಡಬೇಕಿತ್ತು ಅನಿಸಿತು.

ಡಿಪ್ಸಿಯಲ್ಲಿ ಒಂದು ಜಾಣತನವಿದೆ: ಹಿಂದೆ ಗೆದ್ದವರಿಗೆ ಸಿಗುವ ಮುಂಚಿತ ನಿಮಿಷಗಳಲ್ಲಿ ಕಡಿತ. ಇನ್ನೊಂದು, ಯಾವ ರಿಯಾಯಿತಿಯೂ ಇಲ್ಲದೆ ನಿಜವಾಗಿ ಕಡಿಮೆ ಸಮಯದಲ್ಲಿ ಓಡಿದವರಿಗೆ ಬೇರೆಯೇ ಬಹುಮಾನ. ಮೊದಲ 35 ಮಂದಿಗೆ ಕೊಡುವ ಕಪ್ಪು ಟೀಶರ್ಟಿಗಂತೂ ಅಲ್ಲಿ ಕಪ್ಪಿಗಿಂತ ಹೆಚ್ಚಿನ ಮರ್ಯಾದೆ. ಅದನ್ನು ತೊಟ್ಟು ಓಡಾಡುವವರಲ್ಲಿ ಅಜ್ಜಿಯರೂ ಇದ್ದಾರೆ, ಶಾಲೆಯ ಮಕ್ಕಳೂ ಇದ್ದಾರೆ.

ಇಲ್ಲಿ ಎರಡು ಬಗೆಯ ನ್ಯಾಯ ಒಂದಕ್ಕೊಂದು ಎದುರು ನಿಲ್ಲುತ್ತವೆ. ವಯಸ್ಸಿನ ಲೆಕ್ಕ ಕೇಳುವುದು, ‘ನಿಮ್ಮ ವಯಸ್ಸಿನವರಲ್ಲಿ ನೀವು ಎಷ್ಟು ಒಳ್ಳೆಯವರು?’ ಅದರಲ್ಲಿ ಅರುವತ್ತರ ಹಳೆಯ ಚಾಂಪಿಯನ್ನಿಗೂ, ಐವತ್ತೆಂಟರಲ್ಲಿ ಸಕ್ಕರೆ ಕಾಯಿಲೆಗೆ ಹೆದರಿ ಓಡಲು ಶುರುಮಾಡಿದ ಅರುವತ್ತರ ಇನ್ನೊಬ್ಬರಿಗೂ ಸಿಗುವುದು ಅಷ್ಟೇ ನಿಮಿಷ. ಗೆಲ್ಲುವುದು ಯಾರು ಎಂದು ಬೇರೆ ಹೇಳಬೇಕಿಲ್ಲ. ಜಗತ್ತಿನಾದ್ಯಂತ ಹಿರಿಯ ಓಟಗಾರರ ಸಂಘಟನೆಗಳು ಬಳಸುವ ‘ಏಜ್ ಗ್ರೇಡಿಂಗ್’ ಕೋಷ್ಟಕವೂ ಇದೇ ಜಾತಿಯದ್ದು; ಆಯಾ ವಯಸ್ಸಿನ ಅತ್ಯುತ್ತಮ ಸಮಯಕ್ಕೆ ನಿಮ್ಮ ಸಮಯ ಶೇಕಡ ಎಷ್ಟು ಹತ್ತಿರ ಎಂದು ಹೇಳುತ್ತದೆ. ಕ್ಲಬ್ಬಿನ ಲೆಕ್ಕ ಕೇಳುವುದು ಬೇರೆ: ‘ಹೋದ ತಿಂಗಳ ನಿಮಗಿಂತ ಈ ತಿಂಗಳ ನೀವು ಎಷ್ಟು ಮೇಲು?’ ಅಲ್ಲಿ ಪ್ರತಿಭೆಗೆ ಬೆಲೆಯಿಲ್ಲ, ವಯಸ್ಸಿಗೂ ಇಲ್ಲ. ಸಾವಿರಾರು ಅಪರಿಚಿತರು ಸೇರುವ ಓಟಕ್ಕೆ ವಯಸ್ಸಿನ ಲೆಕ್ಕವೇ ಸರಿ, ಎಲ್ಲರ ಹಿಂದಿನ ಓಟ ಯಾರಿಗೆ ಗೊತ್ತಿರುತ್ತದೆ? ಮುಖ ನೋಡಿದರೆ ಟೈಮಿಂಗ್ ನೆನಪಾಗುವ ನಲವತ್ತು ಜನರ ಗುಂಪಿಗೆ ಎರಡನೆಯದೇ ಚೆಂದ.

ನಮ್ಮಲ್ಲಿ ಸ್ಪರ್ಧೆಯನ್ನು ಸಮವಾಗಿಸುವ ರೂಢಿ ವಿಭಾಗ ಮಾಡುವುದು. ಕಂಬಳದಲ್ಲಿ ಹಗ್ಗ, ನೇಗಿಲು, ಅಡ್ಡ ಹಲಗೆ, ಕನೆ ಹಲಗೆ ಎಂದು ವಿಭಾಗಗಳು. ಹಗ್ಗ, ನೇಗಿಲಿನಲ್ಲಿ ಮತ್ತೆ ಹಿರಿಯ, ಕಿರಿಯ. ಕಿರಿಯ ಕೋಣಗಳು ಹಿರಿಯವುಗಳ ಎದುರು ಓಡುವುದಿಲ್ಲ. ಕುಸ್ತಿಯಲ್ಲಿ ತೂಕದ ವಿಭಾಗ. 2008ರಲ್ಲಿ ಶುರುವಾದ ಬೆಂಗಳೂರಿನ ವರ್ಲ್ಡ್ 10ಕೆ ಸೇರಿದಂತೆ ದೊಡ್ಡ ಓಟಗಳಲ್ಲಿ ವಯೋಮಾನದ ವಿಭಾಗ. ವಿಭಾಗ ಮಾಡುವುದು ನ್ಯಾಯವೇ ಸರಿ, ಆದರೆ ಅದು ಜನರನ್ನು ಬೇರೆ ಬೇರೆ ಪಟ್ಟಿಗೆ ಹಾಕುತ್ತದೆ. ಮೇಷ್ಟ್ರು ಅರುವತ್ತು ದಾಟಿದವರ ಪಟ್ಟಿಯಲ್ಲಿ ಮೂರನೆಯವರಾದರೆ ಕಂಠೀರವದ ಹುಡುಗಿಗೆ ಅದು ಗೊತ್ತೂ ಆಗುವುದಿಲ್ಲ. ಹ್ಯಾಂಡಿಕ್ಯಾಪ್ ಇಬ್ಬರನ್ನೂ ಒಂದೇ ಪಟ್ಟಿಯಲ್ಲಿ, ಒಂದೇ ಗೆರೆಯ ಮುಂದೆ, ಒಂದೇ ನಿಮಿಷದೊಳಗೆ ತಂದು ನಿಲ್ಲಿಸುತ್ತದೆ. ಓಟ ಮುಗಿದಾಗ ಎಲ್ಲರೂ ಅಲ್ಲೇ ಇರುತ್ತಾರೆ ಎನ್ನುವುದು ಇದರ ದೊಡ್ಡ ಲಾಭ. ದರ್ಶಿನಿಗೆ ಹೋಗಿ ಇಡ್ಲಿ ವಡೆ ಹೇಳುವಾಗ ಯಾರೂ ಯಾರಿಗೂ ಕಾಯಬೇಕಿಲ್ಲ.

‘ಕಷ್ಟಪಟ್ಟು ಅಭ್ಯಾಸ ಮಾಡಿದವರನ್ನು ಹಿಂದೆ ನಿಲ್ಲಿಸುವುದು ಯಾವ ನ್ಯಾಯ’ ಎಂದು ವೇಗದವರು ಕೇಳುವುದುಂಟು. ಪ್ರಶ್ನೆ ಸುಳ್ಳಲ್ಲ. ವರ್ಷಕ್ಕೆ ಹತ್ತು ಹನ್ನೆರಡು ಓಟದಲ್ಲಿ ಅವರೇ ಮೊದಲು ಬರುತ್ತಾರೆ, ತಿಂಗಳಿಗೊಂದು ಬೆಳಿಗ್ಗೆ ಬೇರೆಯವರ ಬೆನ್ನು ನೋಡಿದರೆ ನಷ್ಟವೇನಿಲ್ಲ ಎನ್ನುವುದು ನನ್ನ ಉತ್ತರ. ಇದರಿಂದ ಅವರಿಗೆ ಸಿಗುವ ಒಂದು ಅನುಭವ ಬೇರೆ ಎಲ್ಲೂ ಸಿಗದು: ಮುಂದಿರುವ ಎಲ್ಲರನ್ನೂ ಒಬ್ಬೊಬ್ಬರಾಗಿ ದಾಟುತ್ತ ಹೋಗುವುದು. ಒಂಟಿಯಾಗಿ ಮುಂದೆ ಓಡಿ ಗೆಲ್ಲುವವರಿಗೆ ದಾಟಲು ಯಾರಿರುತ್ತಾರೆ?

ನಿಮ್ಮ ಗುಂಪಿನಲ್ಲೂ ಇದನ್ನು ಮಾಡಿ ನೋಡುವ ಮನಸ್ಸಿದ್ದರೆ ಬೇಕಾಗುವುದು ತುಂಬ ಕಡಿಮೆ. ಸಮಯ ಅಳೆಯುವ ಚಿಪ್ ಬೇಡ, ಮ್ಯಾಟ್ ಬೇಡ. ಒಂದೇ ಒಂದು ಸ್ಟಾಪ್‌ವಾಚ್, ಮೊದಲನೆಯವರು ಹೊರಟಾಗ ಒತ್ತಿದರೆ ಕೊನೆಯವರು ಬರುವವರೆಗೆ ನಿಲ್ಲಿಸಬಾರದು. ಹೊರಡುವ ಸಮಯದ ಪಟ್ಟಿಯನ್ನು ಹಿಂದಿನ ದಿನವೇ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ತಕರಾರೆಲ್ಲ ರಾತ್ರಿಯೇ ಮುಗಿಯುತ್ತದೆ, ಅರ್ಧವಾದರೂ. ಬಂದವರು ಬಂದ ಕ್ರಮದಲ್ಲಿ ನಂಬರಿನ ಚೀಟಿ ತೆಗೆದುಕೊಂಡು ಮೇಜಿನ ಬಳಿ ಹೋಗಬೇಕು, ಏಕೆಂದರೆ ಎರಡು ನಿಮಿಷದೊಳಗೆ ಮೂವತ್ತು ಜನ ನುಗ್ಗಿದಾಗ ಯಾರು ಯಾರಿಗಿಂತ ಮುಂದೆ ಎಂದು ಬರೆದುಕೊಳ್ಳುವವರ ಕಣ್ಣು ಸೋಲುತ್ತದೆ. ಆಮೇಲೆ ಹೊರಟ ಸಮಯ ಕಳೆದರೆ ಪ್ರತಿಯೊಬ್ಬರ ನಿಜವಾದ ಟೈಮಿಂಗ್ ಸಿಗುತ್ತದೆ. ಸಣ್ಣ ಸುತ್ತನ್ನೇ ಹಲವು ಬಾರಿ ಹೊಡೆಯುವ ದಾರಿಯಾದರೆ ವೇಗದವರು ಹೊರಡುವ ಮುಂಚೆಯೇ ನಿಧಾನದವರು ಒಂದು ಸುತ್ತು ಮುಗಿಸಿ ಎದುರಿಗೆ ಬಂದು ಗೊಂದಲವಾಗುತ್ತದೆ. ಹೋಗಿ ಬರುವ ದಾರಿ ಅಥವಾ ಒಂದೇ ದೊಡ್ಡ ಸುತ್ತು ಒಳ್ಳೆಯದು. ಬೇಸಗೆಯಲ್ಲಿ ಬೇಗ ಶುರುಮಾಡಿ, ಇಲ್ಲದಿದ್ದರೆ ಅರ್ಧ ಗಂಟೆ ತಡವಾಗಿ ಹೊರಡುವವರಿಗೆ ಬಿಸಿಲಿನದ್ದೂ ಒಂದು ಹ್ಯಾಂಡಿಕ್ಯಾಪ್ ಸೇರುತ್ತದೆ.

ಹೊಸಬರ ವಿಷಯದಲ್ಲಿ ಎಷ್ಟೋ ಕ್ಲಬ್ಬುಗಳು ಪಾಲಿಸುವ ನಿಯಮ ನಮಗೂ ಆಗಬಹುದು: ಮೊದಲ ಸಲ ಓಡುವವರು ತಾವೇ ಹೇಳಿದ ಸಮಯಕ್ಕೆ ಹೊರಡಬಹುದು, ಆದರೆ ಆ ಸಲ ಬಹುಮಾನ ಇಲ್ಲ. ‘ನನಗೆ ನಲವತ್ತು ನಿಮಿಷ ಬೇಕು ಸಾರ್’ ಎಂದು ವಿನಯದಿಂದ ಹೇಳಿ ಮೂವತ್ತೊಂದಕ್ಕೆ ಬಂದು ನಿಂತವರನ್ನು ಎಲ್ಲ ಹ್ಯಾಂಡಿಕ್ಯಾಪರುಗಳೂ ನೋಡಿದ್ದಾರೆ. ಮೊದಲ ತಿಂಗಳ ಅಂದಾಜು ಹೇಗೂ ಎಡವಟ್ಟಾಗುತ್ತದೆ, ಯಾರೋ ಐದು ನಿಮಿಷ ಮುಂಚೆ ಬಂದುಬಿಡುತ್ತಾರೆ, ಇನ್ಯಾರೋ ಎಲ್ಲರೂ ಹೋದಮೇಲೆ ಬರುತ್ತಾರೆ. ಅದನ್ನೇ ದಾಖಲೆಯಾಗಿ ಇಟ್ಟುಕೊಂಡು ಎರಡನೆಯದನ್ನು ನಡೆಸಿ. ಮೂರನೆಯ ಓಟದ ಹೊತ್ತಿಗೆ ಪಟ್ಟಿ ಹದಕ್ಕೆ ಬಂದಿರುತ್ತದೆ, ಹ್ಯಾಂಡಿಕ್ಯಾಪರ್ ಆಗಿರುವವರ ಹತ್ತಿರ ಅರ್ಧ ಕ್ಲಬ್ಬು ಮಾತು ಬಿಟ್ಟಿರುತ್ತದೆ.